ಗೃಹಾರೋಗ್ಯ: ತೆಗೆದ ಗಡ್ಡೆಯನ್ನು ಬಿಸುಡಬಾರದು

ಗರ್ಭಾಶಯದಲ್ಲಿ ಗಡ್ಡೆ ಹುಟ್ಟುವುದು ಸ್ತ್ರೀಯರಲ್ಲಿ ಬಹು ಸಾಮಾನ್ಯ. ಅವುಗಳಲ್ಲಿ ಹೆಚ್ಚಿನವು ಫೈಬ್ರಾಯ್ಡ್ ಎಂಬ ನಿರಪಾಯದ ಗಡ್ಡೆಗಳೇ ಸರಿ. ಆದರೆ ಅತಿ ವಿರಳವಾಗಿ ಸಾರ್ಕೋಮಾ ಎಂಬ ಕ್ಯಾನ್ಸರು ಅದೇ ವೇಷವನ್ನು ತೊಟ್ಟು ಬರುವುದುಂಟು. ಹೊಟ್ಟೆಯ ಭಾರ, ಮುಟ್ಟಿನ ಅತಿಸ್ರಾವ, ಸ್ಕ್ಯಾನಿನಲ್ಲಿ ಕಾಣುವ ಛಾಯೆ, ಇವೆಲ್ಲವೂ ಎರಡರಲ್ಲಿಯೂ ಒಂದೇ ತೆರನಾಗಿರಬಹುದು. ಇವುಗಳನ್ನು ಬೇರ್ಪಡಿಸಿ ಗುರುತಿಸುವ ಬಗೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮ ಜೀವಕೋಶಗಳೊಳಗೆ ವರ್ಣತಂತುಗಳೆಂಬ ಎಳೆಗಳಿವೆ. ವಂಶವಾಹಿಗಳು ಅವುಗಳಲ್ಲಿ ಸಾಲಾಗಿ ನೆಲೆಸಿರುವುವು. ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ಬಿಚ್ಚುವುದನ್ನು ಕಂಡವರಿಗೆ ಮುಂದಿನ ಮಾತು ಸುಲಭವಾಗಿ ತಿಳಿದೀತು. ಎರಡು ಎಳೆಗಳು ಕಡಿದು, ಒಂದರ ತುದಿಯು ಮತ್ತೊಂದಕ್ಕೆ ಗಂಟು ಬಿದ್ದರೆ ನೂಲು ಕೆಡುವುದಷ್ಟೆ. ಹಾಗೆಯೇ 7ನೆಯ ಮತ್ತು 17ನೆಯ ವರ್ಣತಂತುಗಳು ಕಡಿದು ತಪ್ಪಾಗಿ ಕೂಡಿಕೊಂಡಾಗ, ಎರಡು ವಂಶವಾಹಿಗಳು ಬೆಸೆದು ಜೀವಕೋಶಕ್ಕೆ ಬೆಳೆಯೆಂಬ ಆಜ್ಞೆಯನ್ನು ಕೊಡುತ್ತಲೇ ಇರುವುವು. ಗರ್ಭಾಶಯದ ಒಂದು ಬಗೆಯ ಸಾರ್ಕೋಮಾದಲ್ಲಿ ಈ ಬೆಸುಗೆಯನ್ನು ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. 10ನೆಯ ಮತ್ತು 17ನೆಯ ತಂತುಗಳ ಇನ್ನೊಂದು ಬೆಸುಗೆ 2012ರಲ್ಲಿ ಬೆಳಕಿಗೆ ಬಂದಿತು. ಮೊದಲನೆಯದು ಮೆಲ್ಲಗೆ ಬೆಳೆಯುವ ಜಾತಿ, ಎರಡನೆಯದು ಉಗ್ರ.

ಇದನ್ನು ಪತ್ತೆಹಚ್ಚುವ ಕ್ರಮ ಹೀಗಿದೆ: ತೆಗೆದ ಗಡ್ಡೆಯನ್ನು ಫಾರ್ಮಲಿನ್ ದ್ರವದಲ್ಲಿಟ್ಟು, ಅದರ ತುಂಡುಗಳನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವರು. ಅಲ್ಲಿಯೂ ಸಂದೇಹ ತೀರದಿದ್ದರೆ ಫಿಶ್ ಎಂಬ ಪರೀಕ್ಷೆ. ವಂಶವಾಹಿಯ ಎರಡು ಪಕ್ಕಗಳಿಗೂ ಹೊಳೆಯುವ ಎರಡು ಬಣ್ಣಗಳನ್ನು ಅಂಟಿಸುವರು. ಎಳೆ ಅಖಂಡವಾಗಿದ್ದರೆ ಬಣ್ಣಗಳು ಜೊತೆಯಾಗಿ ತೋರುವುವು. ಕಡಿದಿದ್ದರೆ ದೂರ ಸರಿದಿರುವುವು. ಆರ್‌ಎನ್‌ಎಯನ್ನು ಓದಿ ಬೆಸುಗೆಯನ್ನು ಹುಡುಕುವ ಹೊಸ ವಿಧಾನವೂ ಇದೆ.

ಇಷ್ಟು ಶ್ರಮವೇಕೆಂದರೆ, ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುವುದು. ಮೆಲ್ಲಗೆ ಬೆಳೆಯುವ ಜಾತಿಯು ಸಾಮಾನ್ಯವಾಗಿ ಈಸ್ಟ್ರೋಜನ್ನಿನಿಂದ ಪುಷ್ಟಿಗೊಳ್ಳುವುದರಿಂದ ಆ ಮಾತ್ರೆ ಅಲ್ಲಿ ಸಲ್ಲದು. ಅದನ್ನು ತಗ್ಗಿಸುವ ಔಷಧವೇ ಹಿತ. ಎನ್‌ಟಿಆರ್‌ಕೆ ಎಂಬ ವಂಶವಾಹಿಯ ಬೆಸುಗೆಯುಳ್ಳ ಗಡ್ಡೆಗಳಿಗೆ ಲಾರೊಟ್ರೆಕ್ಟಿನಿಬ್ ಎಂಬ ಔಷಧವು 2018ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು.

ವಂಶವಾಹಿ ಎಂಬ ಮಾತನ್ನು ಕೇಳಿ ಮನೆಯವರು ಹೆದರಬಾರದು. ಈ ಬೆಸುಗೆ ತಾಯಿಯಿಂದ ಮಗಳಿಗೆ ಬರುವಂಥದಲ್ಲ. ಆ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಆದ ಅಪಘಾತ. ಇದರ ನೆಪದಿಂದ ಹೆಣ್ಣುಮಕ್ಕಳ ವಿವಾಹಕ್ಕೆ ಅಡ್ಡಿ ತರುವುದು ಅಜ್ಞಾನವೂ ಅನ್ಯಾಯವೂ ಆಗಿದೆ.

ಸ್ಕಂದಗಿರಿಯ ತಪ್ಪಲಿನ ಗ್ರಾಮಗಳಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರು. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಅಲ್ಲಿಯೇ ಇದೆ. ದಾರಿ ದೂರವಲ್ಲ, ಹೊಲ, ಹೂದೋಟ, ರೇಷ್ಮೆಹುಳುಗಳ ನಡುವೆ ತನ್ನ ದೇಹವನ್ನು ಕಡೆಗೆ ನೆನೆಯುವ ಗೃಹಿಣಿಯ ಸಂಕೋಚವೇ ದೂರ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಅಥವಾ ಗಡ್ಡೆ ಬೆಳೆದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಶಸ್ತ್ರಚಿಕಿತ್ಸೆಗೆ ಮುಂಚೆ ಕೇಳಬೇಕಾದ ಮಾತುಗಳು ಎರಡು. ಗಡ್ಡೆಯನ್ನು ಒಳಗೇ ಯಂತ್ರದಿಂದ ಚೂರುಮಾಡಿ ತೆಗೆಯುವರೇ? ಹಾಗೆ ಮಾಡಿದರೆ ಅಡಗಿದ ಕ್ಯಾನ್ಸರು ಹರಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2014ರಲ್ಲಿ ಎಚ್ಚರಿಸಿತು. ಎರಡನೆಯದು, ತೆಗೆದುದನ್ನು ಪರೀಕ್ಷೆಗೆ ಕಳುಹಿಸುವರೇ? ಕೆಲವು ನೂರು ರೂಪಾಯಿಗಳ ಉಳಿತಾಯಕ್ಕಾಗಿ ಇದನ್ನು ಬಿಡಬಾರದು.

ವರದಿ ಬಂದ ಮೇಲೂ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಮೆಲ್ಲಗೆ ಬೆಳೆಯುವ ಜಾತಿಯು ಹತ್ತಾರು ವರ್ಷಗಳ ತರುವಾಯ ಮರುಕಳಿಸಿದುದುಂಟು. ಆಗ ಹಳೆಯ ಮೇಣದ ಬ್ಲಾಕು ದೊರೆತರೆ, ಹೊಸ ಪರೀಕ್ಷೆಗಳನ್ನು ಅದರ ಮೇಲೆಯೇ ನಡೆಸಬಹುದು. ಆದುದರಿಂದ ಬ್ಲಾಕು ಎಲ್ಲಿದೆಯೆಂಬುದನ್ನು ಬರೆದು, ವರದಿಯೊಡನೆ ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಇಡಿರೆಂದು ನಮ್ಮ ವಾಚಕರನ್ನು ಪ್ರಾರ್ಥಿಸುತ್ತೇವೆ.