ಅಂಕಿಗಳ ಕಂಠಾಭರಣ

ಕಳೆದ ತಿಂಗಳು ಬನಶಂಕರಿ ಎರಡನೆಯ ಹಂತದಲ್ಲಿರುವ ತಂಗಿಯ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಏಳನೆಯ ತರಗತಿಯ ಸೋದರ ಸೊಸೆಯು ಗಣಿತದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಅಂಕ ಪಡೆದು, ಉತ್ತರಪತ್ರಿಕೆಯನ್ನು ದಿಂಬಿನಡಿ ಬಚ್ಚಿಟ್ಟು ಕುಳಿತಿದ್ದಳು. ತಪ್ಪುಗಳೆಲ್ಲ ಒಂದೇ ಬಗೆಯವು: ಕೂಡುವಾಗ ದಶಕವನ್ನು ಮರೆಯುವುದು. "ನನಗೆ ಲೆಕ್ಕ ಬರುವುದೇ ಇಲ್ಲ, ಬಿಡಿ ಮಾವ" ಎಂದಳು. ಗದರಿಸಲು ಮನಸ್ಸಾಗಲಿಲ್ಲ, ನಮ್ಮ ಬಾಲ್ಯದ ಅಂಕಪಟ್ಟಿಯೂ ಹೇಳಿಕೊಳ್ಳುವಂತಹುದಾಗಿರಲಿಲ್ಲ.

ಹಾಳೆಯೊಂದರಲ್ಲಿ 27994681 ಎಂದು ಬರೆದು, ಇದನ್ನು 441ರಿಂದ ಗುಣಿಸು ಎಂದೆವು. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಕೊಂಡ ಕ್ಯಾಲ್ಕುಲೇಟರನ್ನು ಮಗು ಎತ್ತಿಕೊಂಡು ಬಂದಿತು. ಅದು ಎಂಟು ಅಂಕಿಗಳದ್ದು. ಪ್ರಶ್ನೆ ಹಿಡಿಸಿತು, ಉತ್ತರ ಹಿಡಿಸಲಿಲ್ಲ. ಕೈಯಿಂದಲೇ ಗುಣಿಸಬೇಕಾಯಿತು.

ಈ ಲೆಕ್ಕ ನಮ್ಮದಲ್ಲ. ನೃಪತುಂಗನೆಂದು ಹೆಸರಾದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಆಚಾರ್ಯರಾದ ಮಹಾವೀರರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದ ಗುಣಾಕಾರದ ಭಾಗದಲ್ಲಿ ಇದಿದೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಪಡಿಸಿದರು. ಗುಣಲಬ್ಧವು ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಬರುವ ಇಂತಹ ಲೆಕ್ಕಗಳನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸಿದ್ದಾರೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುವುದೂ ಅಂತಹುದೇ.

ಮಗುವಿಗೆ ಬಂದ ಉತ್ತರ 12325654321. "ಇದೊಂದು ಹಾರ, ಮಣಿಗಳನ್ನು ನೋಡು" ಎಂದಷ್ಟೇ ಹೇಳಿದೆವು. ಬಲದಿಂದ ಓದಿದಳು: ಒಂದು, ಎರಡು, ಮೂರು, ನಾಲ್ಕು, ಐದು, ಆರು, ಐದು, ಆಮೇಲೆ ಎರಡು! "ಇಲ್ಲಿ ನಾಲ್ಕು ಬರಬೇಕಲ್ಲವೇ ಮಾವ?" ಹುಡುಕಿದರೆ, ಅಲ್ಲಿ ಸೇರಬೇಕಾಗಿದ್ದ ದಶಕ ಎರಡು ಕೂಡದೆ ಉಳಿದುಹೋಗಿತ್ತು. ತಪ್ಪನ್ನು ನಾವು ತೋರಿಸಲಿಲ್ಲ, ಸಂಖ್ಯೆಯೇ ತೋರಿಸಿತು. ತಿದ್ದಿದಳು: 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಗಟ್ಟಿಯಾಗಿ ಓದಿ, ಅಡುಗೆಮನೆಯಲ್ಲಿದ್ದ ತಾಯಿಗೂ ಕೇಳಿಸಿದಳು.

ಇದರ ಗುಟ್ಟು ಇಷ್ಟು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ಹಾರವು ಆರು ಒಂದುಗಳ ವರ್ಗ. 111111ನ್ನು ಒಡೆದರೆ 3, 7, 11, 13, 37 ಎಂಬ ಅವಿಭಾಜ್ಯಗಳು ದೊರೆಯುತ್ತವೆ. ಹಾರದಲ್ಲಿ ಇವು ಎರಡೆರಡು ಬಾರಿ ಅಡಗಿವೆ. ಮಣಿಗಳನ್ನೆಲ್ಲ ಕೂಡಿದರೆ 36, ಅದೂ ಆರರ ವರ್ಗವೇ! ಒಂದುಗಳ ಆರು ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡುವಾಗ ನಡುವೆ ಆರು ಒಂದುಗಳು ಸೇರುತ್ತವೆ, ಅಂಚಿಗೆ ಹೋದಂತೆ ಒಂದೊಂದೇ ಕಡಿಮೆಯಾಗುತ್ತದೆ. ಏರಿಳಿತ ಬರುವುದು ಹೀಗೆ.

ಒಂಬತ್ತು ಒಂದುಗಳವರೆಗೆ ಈ ಚೆಲುವು ಕೆಡುವುದಿಲ್ಲ. "ಹತ್ತು ಬರೆದರೆ?" ಎಂದು ಆಕೆಯೇ ಕೇಳಿದಳು. ನಾವು ಹೊರಡುವ ಹೊತ್ತಿಗೆ ಉತ್ತರ ಸಿದ್ಧವಾಗಿತ್ತು: 1234567900987654321. ನಡುವಿನ ಸ್ಥಾನದಲ್ಲಿ ಹತ್ತು ಹಿಡಿಸದೆ ದಶಕವು ಎಡಕ್ಕೆ ಸರಿದು, ಹಾರ ಹರಿದಿತ್ತು. ಮಗು ಮಾತ್ರ ಈ ಸಲ ದಶಕವನ್ನು ಮರೆತಿರಲಿಲ್ಲ.