ನಡುದಾರಿಯಲ್ಲಿ ನಿಲ್ಲುವ ಜೀಪು

ಸೋದರಿಯರೇ, ಈ ಪುಟಕ್ಕೆ ಬರುವ ಪತ್ರಗಳಲ್ಲಿ ಉಪ್ಪಿನಕಾಯಿಗೆ ಬೂಷ್ಟು ಬಂದದ್ದು, ಮಗು ಊಟಕ್ಕೆ ಹಟ ಮಾಡುವುದು, ಮಳೆಗಾಲದಲ್ಲಿ ಬಟ್ಟೆ ಒಣಗದಿರುವುದು ಇವೇ ಹೆಚ್ಚು. ಈ ಸಲ ಸೋಮವಾರಪೇಟೆ ಕಡೆಯ ಸೋದರಿಯೊಬ್ಬರು ಜೀಪಿನ ಕಷ್ಟ ಬರೆದಿದ್ದಾರೆ. ಓದಿ ನಗಬೇಡಿ. ತೋಟದ ಮನೆಗಳಲ್ಲಿ ಜೀಪು ನಿಂತರೆ ಅರ್ಧ ಸಂಸಾರವೇ ನಿಂತ ಹಾಗೆ ಎನ್ನುವುದು ಕೊಡಗಿನವರಿಗೆಲ್ಲ ಗೊತ್ತು.

ಅವರ ಮನೆಯಲ್ಲಿರುವುದು ಮಾವನವರ ಕಾಲದ ಪೆಟ್ರೋಲ್ ಜೀಪು. ಅತ್ತೆಯವರನ್ನು ತಿಂಗಳಿಗೆರಡು ಸಲ ಮಡಿಕೇರಿಗೆ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಹೊರಡುವಾಗ ಜೀಪು ಚೆನ್ನಾಗಿಯೇ ಇರುತ್ತದೆ. ಮಾದಾಪುರ ದಾಟಿ ಏರು ಹತ್ತುವಾಗ ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್! ವರ್ಕ್‌ಶಾಪಿಗೆ ಕೊಂಡೊಯ್ದರೆ ಅಲ್ಲಿ ನಿಲ್ಲುವುದೇ ಇಲ್ಲ. ಪ್ಲಗ್ಗು ಬದಲಾಯಿತು, ಬ್ಯಾಟರಿ ಬದಲಾಯಿತು, ಕಾರ್ಬೊರೇಟರ್ ಬಿಚ್ಚಿ ಜೋಡಿಸಿದ್ದೂ ಆಯಿತು. ಕರಿಮೆಣಸು ಮಾರಿದ ದುಡ್ಡೆಲ್ಲ ಅದಕ್ಕೇ ಹೋಯಿತಂತೆ. ಈಗ ಮನೆಯವರು ‘ಗುಜರಿಗೆ ಕೊಟ್ಟುಬಿಡೋಣ’ ಅಂತಾರೆ, ಅತ್ತೆ ‘ಅವರು ಓಡಿಸಿದ ಗಾಡಿ, ಕೊಡಬೇಡಿ’ ಅಂತ ಕಣ್ಣೀರು ಹಾಕ್ತಾರೆ. ‘ನಾನೇನು ಮಾಡಲಿ?’ ಎಂಬುದು ಇವರ ಪ್ರಶ್ನೆ.

ಸೋದರಿ, ನಾನು ಮೆಕ್ಯಾನಿಕ್ ಅಲ್ಲ. ನಮ್ಮ ಶೆಡ್ಡಿನಲ್ಲೂ ಒಂದು ಹಳೇ ಜೀಪಿದೆ. ಅದನ್ನು ನೋಡಿಕೊಳ್ಳುವ ಮೇಸ್ತ್ರಿಯವರಿಗೆ ಕಾಫಿ ಕೊಡುತ್ತಾ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಮೊದಲ ಮಾತು: ಇನ್ನು ಒಂದು ಸಾಮಾನನ್ನೂ ಬದಲಿಸಬೇಡಿ. ಎರಡನೆಯದು: ಒಂದು ನೋಟುಪುಸ್ತಕ ತಂದು ಜೀಪಿನಲ್ಲಿಡಿ.

ಮಗುವಿಗೆ ಬಿಟ್ಟು ಬಿಟ್ಟು ಜ್ವರ ಬಂದರೆ ಏನು ಮಾಡುತ್ತೇವೆ? ಡಾಕ್ಟರ ಮುಂದೆ ಕೂರಿಸಿದಾಗ ಮೈ ತಣ್ಣಗಿರುತ್ತದೆ. ಆಗ ಡಾಕ್ಟರು ತಾಯಿಯನ್ನೇ ಕೇಳುವುದು, ‘ಯಾವ ಹೊತ್ತಿಗೆ ಬರುತ್ತೆ? ಚಳಿ ಇರುತ್ತಾ? ಎಷ್ಟು ಹೊತ್ತಿಗೆ ಬಿಡುತ್ತೆ?’ ಅಂತ. ಈ ಜೀಪಿನ ಕಾಯಿಲೆಯೂ ಅಂಥದ್ದೇ. ಶೆಡ್ಡಿನಲ್ಲಿ ನಿಲ್ಲದ ಗಾಡಿಯಲ್ಲಿ ಮೆಕ್ಯಾನಿಕ್ ಏನು ಹುಡುಕಬೇಕು? ಊಹೆಯ ಮೇಲೆ ಒಂದೊಂದೇ ಬದಲಿಸುತ್ತಾ ಹೋಗುತ್ತಾರೆ. ಗಾಡಿ ಓಡಿಸುವವರಿಗೆ ಆ ಹೊತ್ತಿನಲ್ಲಿ ಬ್ರೇಕು, ಸ್ಟಿಯರಿಂಗ್, ಹಿಂದೆ ಬರುವ ಬಸ್ಸು ಇವುಗಳದ್ದೇ ಚಿಂತೆ. ಪಕ್ಕದ ಸೀಟಿನಲ್ಲಿ ಕೂತ ನೀವೇ ಸರಿಯಾಗಿ ಗಮನಿಸಬಲ್ಲವರು. ‘ಹೆಂಗಸರಿಗೆ ಇಂಜಿನ್ ವಿಷಯ ಯಾಕೆ’ ಎನ್ನುವವರಿಗೆ ಇದನ್ನೇ ಹೇಳಿ.

ಪ್ರತಿ ಸಲ ನಿಂತಾಗ ಇಷ್ಟು ಬರೆಯಿರಿ: ತಾರೀಕು, ಹೊತ್ತು, ಜಾಗ, ಏರೋ, ಇಳಿಜಾರೋ, ಮಟ್ಟದ ರಸ್ತೆಯೋ, ಹೊರಟು ಎಷ್ಟು ಹೊತ್ತಾಗಿತ್ತು, ಬಿಸಿಲೋ, ಮಳೆಯೋ, ಮಂಜೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಹೇಗೆ ನಿಂತಿತು, ಎಷ್ಟು ನಿಮಿಷ ಬಿಟ್ಟು ಸ್ಟಾರ್ಟ್ ಆಯಿತು. ನಾಲ್ಕೈದು ಸಲದ ಲೆಕ್ಕ ಕೂಡಿದರೆ ಅದೇ ಮಾತಾಡುತ್ತದೆ.

ಇವುಗಳಲ್ಲಿ ಮುಖ್ಯವಾದದ್ದು ‘ಹೇಗೆ ನಿಂತಿತು’ ಎಂಬುದು. ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ. ಒಲೆಗೆ ಸೌದೆ, ಗಾಳಿ, ಕಿಡಿ ಮೂರೂ ಬೇಕಲ್ಲ, ಪೆಟ್ರೋಲ್ ಇಂಜಿನ್ನಿಗೂ ಹಾಗೆಯೇ. ಕೆಮ್ಮಿ, ಮಿಸ್ಸಿಂಗ್ ಹೊಡೆದು, ಎಳೆದಾಡಿ ನಿಂತರೆ ಹೆಚ್ಚಾಗಿ ಪೆಟ್ರೋಲ್ ಸಾಲದೆ ನಿಂತದ್ದು. ದೀಪದ ಸ್ವಿಚ್ಚು ಆರಿಸಿದ ಹಾಗೆ ಪಟ್ಟನೆ ನಿಂತರೆ ಹೆಚ್ಚಾಗಿ ಕರೆಂಟು ಹೋಗಿ ನಿಂತದ್ದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಕೆಮ್ಮಿ ನಿಲ್ಲುವ ಜೀಪಿಗೆ

1. ಟ್ಯಾಂಕಿನ ಮುಚ್ಚಳ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ, ಗಾಳಿಗೆ ಇನ್ನೊಂದು ತೂತು ಬೇಕು. ಟ್ಯಾಂಕಿಗೂ ಗಾಳಿ ಒಳಗೆ ಹೋಗಲು ಸಣ್ಣ ದಾರಿಯಿರುತ್ತದೆ. ಹಳೇ ಜೀಪುಗಳಲ್ಲಿ ಅದು ಹೆಚ್ಚಾಗಿ ಮುಚ್ಚಳದಲ್ಲೇ. ಕೆಸರು, ಧೂಳು ಅದನ್ನು ಮುಚ್ಚಿದರೆ ಪೆಟ್ರೋಲ್ ಹರಿಯುವುದು ಕಡಿಮೆಯಾಗುತ್ತಾ ಬಂದು ಗಾಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಗಾಳಿ ಹೇಗೋ ನುಸುಳಿ ಸರಿಯಾಗುತ್ತದೆ. ಮುಂದಿನ ಸಲ ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ‘ಸುಸ್’ ಎಂದು ಗಾಳಿ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ. ಮುಚ್ಚಳ ತೊಳೆದರೆ ಸಾಕು, ಖರ್ಚೇ ಇಲ್ಲ.

2. ಬಿಸಿಗೆ ಪೆಟ್ರೋಲ್ ಆವಿಯಾಗುವುದು. ಬಿಸಿಲಿನಲ್ಲಿ, ಸಣ್ಣ ಗೇರಿನಲ್ಲಿ ಉದ್ದ ಏರು ಹತ್ತುವಾಗ ಇಂಜಿನ್ನಿನ ಶಾಖ ಪೆಟ್ರೋಲ್ ಪೈಪಿಗೂ ಪಂಪಿಗೂ ತಗಲುತ್ತದೆ. ಮೆಕ್ಯಾನಿಕ್‌ಗಳು ಎ.ಸಿ. ಪಂಪು ಎನ್ನುತ್ತಾರಲ್ಲ, ಅದೇ ಪಂಪು. ಒಳಗೆ ಪೆಟ್ರೋಲ್ ಗುಳ್ಳೆಯಾದರೆ ಪಂಪು ಎಳೆಯುವುದಿಲ್ಲ. ಗಾಡಿ ನಿಂತ ಮೇಲೆ ಪಂಪಿನ ಮೇಲೂ ಪೈಪಿನ ಮೇಲೂ ಒದ್ದೆ ಬಟ್ಟೆ ಹಾಕಿ. ಕಾಲು ಗಂಟೆಯ ಬದಲು ಎರಡು ಮೂರು ನಿಮಿಷಕ್ಕೇ ಸ್ಟಾರ್ಟ್ ಆದರೆ ಇದೇ ಕಾರಣವಿರಬೇಕು. ಪೈಪು ಸೈಲೆನ್ಸರಿಗೆ ತೀರ ಹತ್ತಿರ ಹೋಗಿದೆಯೇ, ಪಂಪಿನ ಒಳಗಿನ ಪದರ ಹಳತಾಗಿದೆಯೇ ಎಂದು ಮೇಸ್ತ್ರಿಯವರು ನೋಡಲಿ.

3. ಟ್ಯಾಂಕಿನ ತಳದ ಗಷ್ಟು. ಕಲ್ಲು ರಸ್ತೆಯಲ್ಲಿ ಕುಲುಕಿದ ಮೇಲೆ, ಅದರಲ್ಲೂ ಪೆಟ್ರೋಲ್ ಕಡಿಮೆಯಿದ್ದಾಗ ನಿಲ್ಲುತ್ತಿದ್ದರೆ ತುಕ್ಕು, ಕೆಸರು ಎದ್ದು ದಾರಿಗೆ ಅಡ್ಡ ಬರುತ್ತಿರಬಹುದು. ಗಾಡಿ ನಿಂತ ಮೇಲೆ ಗಷ್ಟು ಮತ್ತೆ ಕೆಳಗಿಳಿಯುತ್ತದೆ, ಗಾಡಿ ಹೊರಡುತ್ತದೆ. ಫಿಲ್ಟರ್ ಬಿಚ್ಚುವಾಗ ಅದರಲ್ಲಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಅರ್ಧ ಗಂಟೆ ಇಡಿಸಿ. ತಳದಲ್ಲಿ ಕಸವೋ, ಬೇರೆಯ ಪದರವೋ, ನೀರಿನ ಮಣಿಯೋ ಕಂಡರೆ ಟ್ಯಾಂಕನ್ನೇ ತೊಳೆಸಬೇಕು. ಇದನ್ನು ಅಂಗಳದಲ್ಲೇ ಮಾಡಿ. ಒಲೆ, ಬೀಡಿ, ಮಕ್ಕಳು ದೂರವಿರಲಿ. ಆ ಬಾಟಲಿ ಮತ್ತೆ ಅಡಿಗೆಮನೆಗೆ ಬರಬಾರದು.

ಇಲ್ಲಿ ಈಗಿನ ಕಾಲದ ಒಂದು ಮಾತು. ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದು ಅದೇ. ಎಥನಾಲ್ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ಹೀರಿದ್ದು ಹೆಚ್ಚಾದರೆ ನೀರು, ಎಥನಾಲ್ ಎರಡೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹಳೇ ಕಾಲದ ರಬ್ಬರ್ ಪೈಪುಗಳನ್ನೂ ಅದು ಹಾಳು ಮಾಡುತ್ತದೆ. ನಮ್ಮ ಮಳೆಗಾಲದ ಪಸೆ ನಿಮಗೆ ಗೊತ್ತೇ ಇದೆ, ಉಪ್ಪಿನ ಭರಣಿಯೇ ನೀರಾಗುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಒಂದೇ ಪೆಟ್ರೋಲನ್ನು ಟ್ಯಾಂಕಿನಲ್ಲಿಟ್ಟು ಜೀಪು ನಿಲ್ಲಿಸಬೇಡಿ. ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳಿ.

ಪಟ್ಟನೆ ನಿಲ್ಲುವ ಜೀಪಿಗೆ

1. ಇಗ್ನಿಷನ್ ಕಾಯಿಲ್ ಮತ್ತು ಕಂಡೆನ್ಸರ್. ಇವು ಹಳತಾದರೆ ತಣ್ಣಗಿದ್ದಾಗ ಸರಿಯಾಗಿದ್ದು, ಕಾದ ಮೇಲೆ ಕೈಕೊಡುತ್ತವೆ. ಆರಿದರೆ ಮತ್ತೆ ಸರಿ. ಶೆಡ್ಡಿನಲ್ಲಿ ಪತ್ತೆಯಾಗದಿರುವುದು ಇದಕ್ಕೇ. ನಿಂತ ಜಾಗದಲ್ಲೇ, ಬಿಸಿಯಿರುವಾಗಲೇ ಕಿಡಿ ಬರುತ್ತದೆಯೇ ಎಂದು ಗೊತ್ತಿದ್ದವರು ನೋಡಬೇಕು. ನೀವು ಕೈ ಹಾಕಬೇಡಿ, ಜೋರಾದ ಶಾಕ್ ಹೊಡೆಯುತ್ತದೆ. ಮೇಸ್ತ್ರಿಯವರನ್ನು ಒಂದು ದಿನ ಜೊತೆಗೇ ಕೂರಿಸಿಕೊಂಡು ಅದೇ ಏರು ಹತ್ತಿಸುವುದು, ಹತ್ತು ಸಲ ಶೆಡ್ಡಿಗೆ ಹೋಗುವುದಕ್ಕಿಂತ ಅಗ್ಗ.

2. ಸಡಿಲವಾದ ತಂತಿ. ಗುಂಡಿಗೆ ಇಳಿದಾಗ ನಿಂತರೆ, ಆಗ ಹಾರನ್ನೂ ದೀಪವೂ ಸತ್ತಿದ್ದರೆ, ಬ್ಯಾಟರಿಯ ತುದಿ ಅಥವಾ ಅರ್ತ್ ತಂತಿ ಸಡಿಲವಾಗಿದೆ. ಬೀಗದ ಕೈಗೊಂಚಲನ್ನೆಲ್ಲ ಜೀಪಿನ ಕೀಗೇ ನೇತುಹಾಕುವ ಮನೆಗಳಲ್ಲಿ ಆ ಭಾರಕ್ಕೆ ಸ್ವಿಚ್ಚೇ ಸವೆಯುವುದುಂಟು. ಉಗ್ರಾಣದ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರಲಿ.

3. ಪಸೆ. ಮಳೆ, ಮಂಜಿನಲ್ಲಿ ಮಾತ್ರ ತೊಂದರೆ ಕೊಟ್ಟರೆ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ನೀರಿನ ಪಸೆ ಕೂತಿರುತ್ತದೆ, ಅಥವಾ ಪ್ಲಗ್ಗಿನ ವೈರು ಬಿರಿದಿರುತ್ತದೆ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಇಂಜಿನ್ ಓಡಿಸಿ ದೂರದಿಂದ ನೋಡಿ. ನೀಲಿ ಕಿಡಿ ಹಾರುತ್ತಿದ್ದರೆ ಅಲ್ಲಿ ಕರೆಂಟು ಸೋರುತ್ತಿದೆ. ಸೆರಗು, ಜಡೆ ಫ್ಯಾನಿನಿಂದ ದೂರವಿರಲಿ. ಇದನ್ನು ಬಯಲಿನಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಹೊಗೆಯ ವಿಷ ಪ್ರಾಣವನ್ನೇ ತೆಗೆಯಬಹುದು.

ಡೀಸೆಲ್ ಜೀಪಿನವರಿಗೆ ಎರಡು ಮಾತು. ಹಳೇ ಡೀಸೆಲ್ ಇಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ. ಆದ್ದರಿಂದ ಮೊದಲ ಅನುಮಾನ ಫಿಲ್ಟರ್, ನೀರು ಮತ್ತು ಗಾಳಿಯ ಮೇಲೆ. ಪೈಪು ಬಿರಿದರೆ ಡೀಸೆಲ್ ಹೊರಗೆ ಸೋರದೆಯೇ ಗಾಳಿ ಒಳಗೆ ಹೋಗಬಹುದು. ನೆಲದ ಮೇಲೆ ತೊಟ್ಟು ಬಿದ್ದಿಲ್ಲ ಎಂದು ನಂಬಿ ಕೂರಬೇಡಿ. ಬಾಯಿಂದ ಡೀಸೆಲ್ ಎಳೆಯುವ ಅಭ್ಯಾಸ ಮಾತ್ರ ಯಾರಿಗೂ ಬೇಡ, ಶ್ವಾಸಕೋಶಕ್ಕೆ ಹೋದರೆ ಅಪಾಯ.

ಏರಿನಲ್ಲೋ ಇಳಿಜಾರಿನಲ್ಲೋ ನಿಂತಾಗ

ಗಾಡಿ ಆಫ್ ಆದರೆ ಗಾಬರಿಯಿಂದ ಬ್ರೇಕನ್ನು ಒತ್ತಿ ಬಿಟ್ಟು ಮಾಡಬಾರದು. ಬೂಸ್ಟರ್ ಇರುವ ಬ್ರೇಕಾದರೆ ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದು ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೇ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವುದಂತೂ ಬೇಡವೇ ಬೇಡ. ಮಕ್ಕಳು, ಹಿರಿಯರು ಇಳಿದು ಬರೆಯ ಕಡೆ ನಿಲ್ಲಲಿ, ಗಾಡಿಯ ಹಿಂದೆ ಯಾರೂ ಬೇಡ. ತಿರುವಿನ ಹಿಂದೆ ಒಂದು ಸೊಪ್ಪಿನ ಕೊಂಬೆ ಇಡಿ. ಹೊರಡುವಾಗ ಕಲ್ಲನ್ನೂ ಕೊಂಬೆಯನ್ನೂ ತೆಗೆದು ಬದಿಗೆ ಹಾಕಿ. ಕಾರ್ಬೊರೇಟರಿಗೆ ಕೈಯಿಂದ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯಲು ಯಾರಿಗೂ ಬಿಡಬೇಡಿ, ಬೆಂಕಿ ಹತ್ತಲು ಒಂದು ಕಿಡಿ ಸಾಕು.

ಇನ್ನು ಮಾರುವ ಮಾತು. ನಾಲ್ಕೈದು ಸಲದ ಲೆಕ್ಕ ಬರೆದು, ಅಗ್ಗದ ಪರೀಕ್ಷೆಯಿಂದ ಶುರುಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ. ಎರಡು ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಬಿಚ್ಚಿದ ಹಳೇ ಸಾಮಾನು ಮನೆಗೆ ತನ್ನಿ. ನಿಮ್ಮ ಹಳೇ ಪ್ಲಗ್ಗು, ಬ್ಯಾಟರಿಯಲ್ಲಿ ದೋಷವೇ ಇಲ್ಲದಿರಬಹುದು. ಇಷ್ಟಾದ ಮೇಲೂ ಚಾಸಿಸ್ ತುಕ್ಕು ತಿಂದಿದೆ, ಇಂಜಿನ್ನೇ ಸೋತಿದೆ ಎಂದಾದರೆ ಆಗ ಕೊಡುವ ಯೋಚನೆ ಮಾಡಿ. ಒಂದು ಮುಚ್ಚಳಕ್ಕಾಗಿ ಮಾವನವರ ಜೀಪು ಗುಜರಿಗೆ ಹೋಗಬಾರದು ನೋಡಿ.

ಆದರೆ ಕಾರಣ ಸಿಗುವ ತನಕ ಅತ್ತೆಯವರನ್ನು ಆ ಜೀಪಿನಲ್ಲಿ ಕರೆದೊಯ್ಯಬೇಡಿ. ಡಾಕ್ಟರ ದಿನಕ್ಕೆ ಬಾಡಿಗೆ ಗಾಡಿಯೋ ಬಸ್ಸೋ ಆಗಲಿ, ತುರ್ತಿಗೆ 108 ಇದೆ. ಪರೀಕ್ಷೆಯ ಓಡಾಟ ಬೇರೆ ದಿನ, ಹಗಲಿನಲ್ಲೇ ಇಟ್ಟುಕೊಳ್ಳಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಹಟ್ಟಿಹೊಳೆ ಕಡೆ ರಸ್ತೆಗಳೇ ಕಡಿದುಹೋದದ್ದನ್ನು ಕಂಡವರು ನಾವು. ನಮ್ಮಂಥ ಕಡೆ ನಂಬುವಂಥ ಗಾಡಿಯೊಂದು ಶೆಡ್ಡಿನಲ್ಲಿರುವುದು ಶೋಕಿಯಲ್ಲ. ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಜೀಪಿನಲ್ಲಿ ಸದಾ ಇರಲಿ: ಟಾರ್ಚು, ಎರಡು ಒಣಗಿದ ಹತ್ತಿ ಬಟ್ಟೆ, ಒಂದು ಕ್ಯಾನ್ ನೀರು, ಚಕ್ರಕ್ಕೆ ಕೊಡಲು ಮರದ ಎರಡು ತುಂಡು, ಒಂದು ಕಂಡೆನ್ಸರ್, ಫ್ಯೂಸು, ಪೆಟ್ರೋಲ್ ಪೈಪಿನ ತುಂಡು ಮತ್ತು ಕ್ಲಿಪ್ಪು. ನೋಟುಪುಸ್ತಕ, ಪೆನ್ಸಿಲ್ಲು ಮರೆಯಬೇಡಿ. ಪೆನ್ನು ಬೇಡ, ಮಳೆಗೆ ಶಾಯಿ ಕಲಸಿಹೋಗುತ್ತದೆ.

ಸೋದರಿ, ಜೀಪು ಕೆಮ್ಮಿ ನಿಂತಿತೋ, ಪಟ್ಟನೆ ನಿಂತಿತೋ ಎಂದು ಮತ್ತೊಮ್ಮೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಹಲವರು ಕೇಳಿರುವ ಹಾಗೆ, ಮಳೆಗಾಲಕ್ಕೆ ಅಕ್ಕಿ, ಬೇಳೆಗೆ ಹುಳ ಬೀಳದಂತೆ ಕಾಪಾಡುವ ವಿಷಯ.