ಹೊಸ ಹುಳು ಕಂಡವರು ಹೇಳಿ, ಕೇಳಿಸಿಕೊಂಡವರು ಉತ್ತರ ಕೊಡಿ

ರೈತ ಬಾಂಧವರೇ, ನರ್ಸರಿ ನಡೆಸುವವರೇ, ಗೊಬ್ಬರ ಮತ್ತು ಔಷಧಿ ಅಂಗಡಿಯವರೇ, ಹೊರದೇಶಗಳಿಂದ ರಜೆಗೆ ಊರಿಗೆ ಬರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಸುಳಿಯೊಳಗೆ ಒಂದು ಹುಳು ಸಿಕ್ಕಿತು. ಮೇಲುನೋಟಕ್ಕೆ ನಮಗೆ ಗೊತ್ತಿದ್ದ ಹಳೆಯ ಸೈನಿಕ ಹುಳುವಿನ ಹಾಗೆಯೇ ಇತ್ತು. ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಹತ್ತಿರದಿಂದ ನೋಡಿದರು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ಬುಡಮೇಲು ಮಾಡಿದಂಥ ಬಿಳಿ ಗೆರೆ, ಬಾಲದ ಕಡೆ ಚೌಕದ ಮೂಲೆಗಳಲ್ಲಿ ಇಟ್ಟ ಹಾಗೆ ನಾಲ್ಕು ಕಪ್ಪು ಚುಕ್ಕೆ. ಡಿಎನ್‌ಎ ಪರೀಕ್ಷೆಯೂ ಅವರ ಅನುಮಾನವನ್ನೇ ಖಚಿತಪಡಿಸಿತು. ಅದು ಅಮೆರಿಕ ಖಂಡದ ಫಾಲ್ ಸೈನಿಕ ಹುಳು, ಈಗ ನಮ್ಮ ಹೊಲಗಳಲ್ಲಿ ಲದ್ದಿ ಹುಳು ಎಂದು ಕರೆಸಿಕೊಳ್ಳುವುದು. ಅದು ಏಷ್ಯಾ ಖಂಡಕ್ಕೆ ಕಾಲಿಟ್ಟಿದೆ ಎಂಬ ಸುದ್ದಿ ಲೋಕಕ್ಕೆ ಮೊದಲು ಹೋದದ್ದು ನಮ್ಮ ಶಿವಮೊಗ್ಗದಿಂದ.

ಆ ಹುಳು ನಡೆದ ದಾರಿಯನ್ನು ನೋಡಿ. 2016ರ ಜನವರಿಯಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಮೊದಲು ಕಂಡಿತು. ಎರಡೇ ವರ್ಷದಲ್ಲಿ ಸಹಾರಾ ಮರುಭೂಮಿಯ ಕೆಳಗಿನ ಬಹುಪಾಲು ಆಫ್ರಿಕಾವನ್ನು ವ್ಯಾಪಿಸಿತು. 2018ರ ಮೇನಲ್ಲಿ ಶಿವಮೊಗ್ಗ. ಆ ವರ್ಷ ಮುಗಿಯುವಷ್ಟರಲ್ಲಿ ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್. 2019ರ ಜನವರಿಯಲ್ಲಿ ಚೀನಾದ ಯುನ್ನಾನ್. 2020ರ ಆರಂಭದಲ್ಲಿ ಆಸ್ಟ್ರೇಲಿಯಾ. ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲ, ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲ ಪತಂಗವನ್ನು ಯಾವ ಬೇಲಿಯೂ ತಡೆಯಲಾರದು, ನಿಜ. ಆದರೆ ಶಿವಮೊಗ್ಗದಲ್ಲಿ ಅದಕ್ಕೆ ಹೆಸರು ಹಿಡಿದು ಹೇಳಿದ್ದರಿಂದ ಮುಂದಿನ ಊರಿನವರಿಗೆ, ಮುಂದಿನ ದೇಶದವರಿಗೆ ಏನು ಬರಲಿದೆ, ಅದನ್ನು ಎಲ್ಲಿ ಹುಡುಕಬೇಕು ಎಂಬುದು ತಿಳಿಯಿತು. ಸುಳಿಯಲ್ಲಿರುವಾಗಲೇ, ಮರಿ ಹುಳು ಇರುವಾಗಲೇ ಹಿಡಿದವನ ಬೆಳೆ ಉಳಿಯಿತು. ಏನೋ ಮಾಮೂಲಿ ಹುಳು ಎಂದುಕೊಂಡು ತಡಮಾಡಿದವನ ಹೊಲದಲ್ಲಿ ದಂಟು ಮಾತ್ರ ನಿಂತಿತು.

ಈ ಕರಪತ್ರ ಅಚ್ಚು ಹಾಕಿಸಿರುವುದು ಒಂದೇ ಮಾತು ಹೇಳಲಿಕ್ಕೆ. ಹೊರದೇಶದ ಕೀಟ ರೋಗಗಳನ್ನು ತಡೆಯುವ ಕೆಲಸ ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಹೊಸ ಹುಳುವನ್ನು ಮೊದಲು ನೋಡುವವರು ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರು. ಅವರು ಹೇಳಲೇಬೇಕು. ಅವರು ಹೇಳಿದ್ದನ್ನು ಸರ್ಕಾರ ಬರೆದುಕೊಳ್ಳಲೇಬೇಕು, ಬರೆದುಕೊಂಡ ಮೇಲೆ ಅವರಿಗೇ ಉತ್ತರ ಕೊಡಲೇಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಉಳಿದದ್ದು ಕೆಲಸಕ್ಕೆ ಬಾರದು.

ಕಾಗದದ ಮೇಲೆ ವ್ಯವಸ್ಥೆಗೇನೂ ಕೊರತೆಯಿಲ್ಲ. 1951ರಲ್ಲೇ ದೇಶದೇಶಗಳು ಸೇರಿ ಸಸ್ಯ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಂಡವು. ಅದರ ಕಚೇರಿ ರೋಮ್‌ನಲ್ಲಿದೆ. 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ, ಭಾರತವೂ ಇದೆ. ತನ್ನ ನೆಲದಲ್ಲಿ ಹೊಸ ಪೀಡೆ ಕಂಡರೆ ಉಳಿದವರಿಗೆ ತಿಳಿಸುವುದು ಪ್ರತಿ ದೇಶದ ಕರ್ತವ್ಯ ಎಂದು ಆ ಒಪ್ಪಂದ ಹೇಳುತ್ತದೆ. ನಮ್ಮಲ್ಲಿ 1914ರ ಕೀಟ ಪೀಡೆಗಳ ಕಾಯ್ದೆ ಇದೆ, ಅದರಡಿ 2003ರಲ್ಲಿ ಹೊರಡಿಸಿದ ಸಸ್ಯ ಸಂಗರೋಧ ಆದೇಶ ಇದೆ, ಬೆಂಗಳೂರು, ಮಂಗಳೂರುಗಳಲ್ಲಿ ತಪಾಸಣೆಯ ಕೇಂದ್ರಗಳಿವೆ. 2024ರ ಆಗಸ್ಟ್ 15ರಿಂದ ರಾಷ್ಟ್ರೀಯ ಕೀಟ ನಿಗಾ ವ್ಯವಸ್ಥೆ ಎಂಬ ಮೊಬೈಲ್ ಆ್ಯಪ್ ಕೂಡ ಬಂದಿದೆ. ರೋಗ ಬಿದ್ದ ಎಲೆಯ ಫೋಟೋ ತೆಗೆದು ಹಾಕಿದರೆ ಸಲಹೆ ಬರುತ್ತದೆ.

ಹಾಗಿದ್ದೂ ಹೊಲದಿಂದ ಕಚೇರಿಗೆ ಸುದ್ದಿ ಏಕೆ ಹೋಗುವುದಿಲ್ಲ? ಎಲೆಯ ಮೇಲೆ ಏನೋ ಕಂಡಾಗ ನಾವು ಮೊದಲು ಹೋಗುವುದು ಔಷಧಿ ಅಂಗಡಿಗೆ. ಎಲೆ ತೋರಿಸುತ್ತೇವೆ, ಅಂಗಡಿಯವರು ಒಂದು ಬಾಟಲಿ ಕೊಡುತ್ತಾರೆ, ಹೊಡೆಯುತ್ತೇವೆ. ಹೋಗದಿದ್ದರೆ ಮುಂದಿನ ವಾರ ಬೇರೆ ಬಾಟಲಿ. ಆ ಹುಳು ಎಲ್ಲಿ ಕಂಡಿತು, ಯಾವತ್ತು ಕಂಡಿತು ಎಂಬುದು ಎಲ್ಲೂ ದಾಖಲಾಗುವುದಿಲ್ಲ. ಹೊಸ ಪೀಡೆಯ ವಿಷಯದಲ್ಲಿ ಅತ್ಯಂತ ಬೆಲೆಬಾಳುವ ಸಮಯವೆಂದರೆ ಅದು ಇನ್ನೂ ನಾಲ್ಕಾರು ಹೊಲಗಳಲ್ಲಿ ಮಾತ್ರ ಇರುವ ಸಮಯ. ಆ ಸಮಯವನ್ನು ನಾವು ಅಂಗಡಿಯ ಕಟ್ಟೆಯ ಮೇಲೆ ಕಳೆಯುತ್ತಿದ್ದೇವೆ. ಅಂಗಡಿಯವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಊರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಾಗಿಲು ತೆರೆದು ಕೂತಿರುವವರು ಅವರೊಬ್ಬರೇ. ಅದಕ್ಕೇ ಅವರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಎನ್ನುತ್ತಿದ್ದೇವೆ.

ಹೆಸರು ಗೊತ್ತಾದರೆ ಏನಾಗುತ್ತದೆ ಎಂಬುದಕ್ಕೆ ಪಪ್ಪಾಯಿಯ ಹಿಟ್ಟು ತಿಗಣೆಯೇ ಸಾಕ್ಷಿ. ಮೆಕ್ಸಿಕೊ ಕಡೆಯ ಈ ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡಿತು. ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ಯಾವುದನ್ನೂ ಬಿಡಲಿಲ್ಲ. ಕರ್ನಾಟಕಕ್ಕೂ ಬಂತು. ಅದರ ಮೈಮೇಲಿನ ಬಿಳಿ ಮೇಣ ಔಷಧಿಯನ್ನು ಒಳಗೆ ಇಳಿಯಗೊಡುವುದಿಲ್ಲ. ಹಿಪ್ಪುನೇರಳೆಗೆ ಬಿದ್ದರಂತೂ ಕಡುವಿಷ ಹೊಡೆಯುವ ಹಾಗೂ ಇಲ್ಲ, ಆ ಸೊಪ್ಪು ತಿನ್ನುವುದು ನಮ್ಮ ರೇಷ್ಮೆ ಹುಳು. ಆದರೆ ಅದು ಯಾವ ತಿಗಣೆ, ಎಲ್ಲಿಯದು ಎಂಬುದು ಖಚಿತವಾಗಿತ್ತು. ಹುಟ್ಟಿದ ನಾಡಿನಲ್ಲಿ ಅದನ್ನು ಹದ್ದುಬಸ್ತಿನಲ್ಲಿಡುವ ಶತ್ರು ಯಾರು ಎಂದು ಹುಡುಕಲು ಸಾಧ್ಯವಾಯಿತು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯುವ ಸಂಸ್ಥೆ ಪೋರ್ಟೊ ರಿಕೊದಿಂದ ಮೂರು ಜಾತಿಯ ಸಣ್ಣ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸಿರೋಫೇಗಸ್ ಪಪಾಯೆ ಎಂಬುದು ತಿಗಣೆಯೊಳಗೇ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತದೆ. ಬೆಳೆಸಿ ತೋಟಗಳಿಗೆ ಬಿಟ್ಟ ಕೆಲವೇ ತಿಂಗಳಲ್ಲಿ ತಿಗಣೆ ತಗ್ಗಿತು. ರೈತರಿಗೆ ಇದಕ್ಕಾಗಿ ಔಷಧಿಯ ಖರ್ಚೂ ಬೀಳಲಿಲ್ಲ. 2020ರಲ್ಲಿ ತ್ರಿಶೂರಿನಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಕಂಡಾಗ ಅದೇ ಸಂಸ್ಥೆ ಮರುವರ್ಷವೇ ಆಫ್ರಿಕಾದ ಬೆನಿನ್‌ನಿಂದ ಅದರ ಕಣಜವನ್ನು ತರಿಸಿತು. ಬೇಗ ತಿಳಿದದ್ದು ಬೇಗ ಕೈಗೂಡಿತು.

ತೆಂಗಿನ ಬಿಳಿ ನೊಣದ ವಿಷಯ ಇನ್ನೂ ಮುಖ್ಯ. 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡುಗಳಲ್ಲಿ ಕಂಡ ಈ ಮಧ್ಯ ಅಮೆರಿಕದ ನೊಣ ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆ ಇಟ್ಟು, ಕೆಳಗಿನ ಗರಿಗಳ ಮೇಲೆಲ್ಲ ಕಪ್ಪು ಬೂಷ್ಟು ಬರಿಸುತ್ತದೆ. ನೋಡಿದವರಿಗೆ ಎದೆ ಒಡೆಯುತ್ತದೆ, ಏನಾದರೂ ಹೊಡೆಯೋಣ ಅನ್ನಿಸುತ್ತದೆ. ಆದರೆ ಅದರ ಬೆನ್ನಿಗೇ ಎನ್‌ಕಾರ್ಸಿಯಾ ಎಂಬ ಕಣಜವೂ ತೋಟಗಳಲ್ಲಿ ಇದೆ. ವಿಷ ಹೊಡೆದರೆ ಮೊದಲು ಸಾಯುವುದು ಆ ಕಣಜ. ಈ ಮಾತು ರೈತರಿಗೆ ತಲುಪಿದ ತೋಟಕ್ಕೂ ತಲುಪದ ತೋಟಕ್ಕೂ ಅಂತರ ದೊಡ್ಡದು. ಸರಿಯಾದ ಉತ್ತರ ಸಮಯಕ್ಕೆ ಬಾರದಿದ್ದರೆ ನಮ್ಮ ಕೈಯಿಂದಲೇ ನಮ್ಮ ಕಾವಲುಗಾರನನ್ನು ಕೊಲ್ಲುತ್ತೇವೆ.

ಇನ್ನು ಬೇಗ ಹೇಳಿದರೂ ವಾಸಿಯಾಗದ ರೋಗಗಳು. ಅವುಗಳಿಗೆ ಇರುವುದು ಒಂದೇ ಉಪಾಯ, ಬಾರದ ಹಾಗೆ ನೋಡಿಕೊಳ್ಳುವುದು, ಬಂದರೆ ಅಲ್ಲಿಯೇ ತಡೆಯುವುದು. ನಂಜನಗೂಡು ರಸಬಾಳೆಯ ಗತಿ ಏನಾಯಿತು ಎಂಬುದನ್ನು ಮೈಸೂರು ಸೀಮೆಯವರಿಗೆ ನಾವು ಹೇಳಬೇಕಿಲ್ಲ. ಪನಾಮ ಸೊರಗು ರೋಗ ಆ ಬಾಳೆಯನ್ನು ಬಹುತೇಕ ಅಳಿಸಿಹಾಕಿತು. ಈಗ ಅದೇ ರೋಗದ ಇನ್ನೊಂದು ತಳಿ, ಟಿಆರ್4, ಪಚ್ಚಬಾಳೆಯ ಗುಂಪಿನ ಕ್ಯಾವೆಂಡಿಷ್ ಬಾಳೆಯನ್ನೂ ಬಿಡುತ್ತಿಲ್ಲ. ಏಷ್ಯಾದಿಂದ ಹೊರಟು 2013ರಲ್ಲಿ ಆಫ್ರಿಕಾದ ಮೊಜಾಂಬಿಕ್, 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ತಲುಪಿತು. ನಮ್ಮ ದೇಶದಲ್ಲಿ ಬಿಹಾರ, ಉತ್ತರ ಪ್ರದೇಶಗಳ ಬಾಳೆ ತೋಟಗಳಲ್ಲಿ ಈಗಾಗಲೇ ಇದೆ. ಇದು ಹಾರಿ ಬರುವುದಿಲ್ಲ. ರೋಗದ ತೋಟದ ಕಂದು, ಬೂಟಿಗೆ, ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಮಣ್ಣು, ಹರಿದು ಬರುವ ನೀರು, ಇವುಗಳ ಜೊತೆ ಬರುತ್ತದೆ. ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಳ ಕಾಲ ಹೋಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಎಲ್ಲಿಯದೋ ಕಂದು ತಂದು ನೆಡುವವರು ತಮ್ಮ ಹೊಲವನ್ನಷ್ಟೇ ಪಣಕ್ಕಿಡುವುದಿಲ್ಲ, ಇಡೀ ಹೋಬಳಿಯ ಹೊಲಗಳನ್ನು ಇಡುತ್ತಾರೆ.

ವಿದೇಶದಿಂದ ಬರುವ ನಮ್ಮ ಮಕ್ಕಳಿಗೆ ಒಂದು ಮಾತು. ಅಮ್ಮನಿಗೆ ಅಂತ ಒಂದು ಹೂವಿನ ಗಿಡ, ಅಪ್ಪನ ತೋಟಕ್ಕೆ ಅಂತ ಹೊಸ ತಳಿಯ ಕಡ್ಡಿ, ಮಣ್ಣಿನ ಸಮೇತ ಬ್ಯಾಗಿನಲ್ಲಿ ಇಟ್ಟುಕೊಂಡು ಬರುವುದು ಪ್ರೀತಿಯಿಂದಲೇ ಎಂದು ನಮಗೆ ಗೊತ್ತು. ದಯವಿಟ್ಟು ತರಬೇಡಿ. ಇಟಲಿಯ ಆಗ್ನೇಯ ತುದಿಯ ಪುಲಿಯಾ ಪ್ರಾಂತ್ಯದಲ್ಲಿ 2013ರಲ್ಲಿ ಆಲಿವ್ ಮರಗಳು ಒಣಗುತ್ತಿರುವುದಕ್ಕೆ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ತಿಳಿಯಿತು. ಅದರ ವಂಶವನ್ನು ಹಿಡಿದು ಹೋದ ವಿಜ್ಞಾನಿಗಳು ಮುಟ್ಟಿದ್ದು ಮಧ್ಯ ಅಮೆರಿಕದ ಕೋಸ್ಟರಿಕಾವನ್ನು. ಅಲ್ಲಿಂದ ಅಲಂಕಾರಕ್ಕೆಂದು ತಂದ ಕಾಫಿ ಗಿಡದಲ್ಲಿ ಅದು ಬಂದಿರಬೇಕು ಎಂಬುದು ಅವರ ತೀರ್ಮಾನ. ಶತಮಾನಗಳಷ್ಟು ಹಳೆಯವೂ ಸೇರಿ ಲಕ್ಷಗಟ್ಟಲೆ ಮರಗಳು ಹೋದವು. ಕೊಡಗು, ಚಿಕ್ಕಮಗಳೂರು, ಹಾಸನದವರು ಇದನ್ನು ಎರಡು ಸಲ ಓದಬೇಕು. 1869ರಲ್ಲಿ ಸಿಲೋನಿನಲ್ಲಿ ಕಂಡ ಎಲೆ ತುಕ್ಕು ರೋಗ, 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡ ಬೆರ್ರಿ ಬೋರರ್, ಎರಡೂ ನಮ್ಮ ಕಾಫಿಗೆ ಹೊರಗಿನಿಂದಲೇ ಬಂದವು. ಇಂದಿಗೂ ಎರಡಕ್ಕೂ ನಾವು ದುಡ್ಡು ಸುರಿಯುತ್ತಿದ್ದೇವೆ. ಗಿಡ ತರಲೇಬೇಕೆಂದರೆ ಮುಂಚೆಯೇ ಆಮದು ಪರವಾನಗಿ ಪಡೆದು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರದೊಂದಿಗೆ ತನ್ನಿ. ಕಾನೂನು ಕೇಳುವುದೂ ಅದನ್ನೇ.

ಪುಲಿಯಾದಿಂದ ಕಲಿಯಬೇಕಾದದ್ದು ಇನ್ನೊಂದಿದೆ, ಅದನ್ನು ನಮ್ಮ ಅಧಿಕಾರಿಗಳು ಗಮನವಿಟ್ಟು ಕೇಳಬೇಕು. ರೋಗ ಹರಡದಂತೆ ಮರ ಕಡಿಯಬೇಕು ಎಂಬ ಆದೇಶ ಬಂದಾಗ ಅಲ್ಲಿನ ಜನ ನಂಬಲಿಲ್ಲ. ಅಜ್ಜ ಮುತ್ತಜ್ಜಂದಿರ ಕಾಲದ ಮರಗಳಿಗೆ ಗರಗಸ ಇಡಲು ಬಿಡಲಿಲ್ಲ, ರಸ್ತೆಗಿಳಿದರು. 2015ರಲ್ಲಿ ಅಲ್ಲಿನ ಪ್ರಾಸಿಕ್ಯೂಟರುಗಳು ವಿಜ್ಞಾನಿಗಳ ಮೇಲೆಯೇ ತನಿಖೆ ಹೂಡಿ ಮರ ಕಡಿಯುವುದನ್ನು ನಿಲ್ಲಿಸಿದರು. ಮುಂದೆ ಆ ತನಿಖೆ ಏನೂ ಸಾಬೀತಾಗದೆ ಮುಗಿಯಿತು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಉತ್ತರಕ್ಕೆ ಸಾಗಿತ್ತು. ಆ ಜನರನ್ನು ಮೂಢರು ಎನ್ನಲು ನಮಗೆ ಮನಸ್ಸಿಲ್ಲ. ಅವರಿಗೆ ಮೊದಲೇ, ಅವರ ಮಾತಿನಲ್ಲಿ, ಯಾಕೆ ಎಂದು ಹೇಳಿ ಒಪ್ಪಿಸುವ ಕೆಲಸ ಆಗಲಿಲ್ಲ. ನಮ್ಮಲ್ಲಿ ನಾಳೆ ಒಬ್ಬರ ಬಾಳೆ ತೋಟದಲ್ಲಿ ಟಿಆರ್4 ಕಂಡರೆ ಆ ತೋಟವನ್ನು ಕಿತ್ತು ಸುಡಬೇಕಾಗಬಹುದು. ಬಾಯಿ ಬಿಟ್ಟರೆ ತೋಟ ಹೋಗುತ್ತದೆ, ಸಾಲ ಉಳಿಯುತ್ತದೆ ಎಂದಾದರೆ ಯಾವ ರೈತ ಬಾಯಿ ಬಿಡುತ್ತಾನೆ? ಸುಮ್ಮನಿದ್ದು, ಇದ್ದಷ್ಟು ಗೊನೆ ಮಾರಿ, ಕಂದನ್ನೂ ಮಾರಿಬಿಡುತ್ತಾನೆ.

ಆದ್ದರಿಂದ ರಾಜ್ಯ ಸರ್ಕಾರವನ್ನು ನಾವು ಕೇಳುವುದು ಇದು. ಹೊಸ ಪೀಡೆಯ ಕಾರಣಕ್ಕೆ ಸರ್ಕಾರವೇ ನಾಶ ಮಾಡಿಸುವ ಬೆಳೆಗೆ ಆ ಹಂಗಾಮಿನಲ್ಲೇ ಪರಿಹಾರ ಕೊಡಬೇಕು. ತಾನಾಗಿ ಬಂದು ಹೇಳಿದವರಿಗೆ ಹೆಚ್ಚು ಕೊಡಬೇಕು. ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಾದರಿ ಸ್ವೀಕರಿಸಿ ಕೈಗೆ ಸ್ವೀಕೃತಿ ಚೀಟಿ ಕೊಡಬೇಕು, ಒಂದು ವಾರದೊಳಗೆ ಆ ಹುಳು ಅಥವಾ ರೋಗದ ಹೆಸರು, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕನ್ನಡದಲ್ಲಿ ತಿಳಿಸಬೇಕು. ಗೊತ್ತಾಗದಿದ್ದರೆ ಗೊತ್ತಾಗಿಲ್ಲ, ಹೆಬ್ಬಾಳಕ್ಕೆ ಕಳಿಸಿದ್ದೇವೆ ಎಂದಾದರೂ ಹೇಳಬೇಕು. ಔಷಧಿ ಅಂಗಡಿಗಳಲ್ಲಿ ಒಂದು ಪುಸ್ತಕ ಇರಿಸಿ, ಗುರುತು ಸಿಗದ ಹುಳುವನ್ನು ತಂದವರ ಊರು, ಬೆಳೆ, ದಿನಾಂಕ ಬರೆಸಬೇಕು. ಬಾಳೆ ಕಂದು, ದಾಳಿಂಬೆ ಕಡ್ಡಿ, ಅಡಿಕೆ ಸಸಿ ಮಾರುವ ನರ್ಸರಿಗಳು ತಾಯಿ ಗಿಡ ಎಲ್ಲಿಯದು ಎಂಬುದನ್ನು ಬಿಲ್ಲಿನ ಮೇಲೆ ಬರೆದು ಕೊಡಬೇಕು. ದಾಳಿಂಬೆಯ ದುಂಡಾಣು ಅಂಗಮಾರಿಯು ರೋಗ ತಗುಲಿದ ಕಡ್ಡಿಗಳ ಜೊತೆಯೇ ಊರಿಂದೂರಿಗೆ ಹೋಗುತ್ತದೆ ಎಂಬುದನ್ನು ಬಾಗಲಕೋಟೆ, ಕೊಪ್ಪಳದವರು ಬೆಲೆ ತೆತ್ತು ಕಲಿತಿದ್ದಾರೆ.

ಇದಕ್ಕೆ ದುಡ್ಡೆಲ್ಲಿ ಎನ್ನುವವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜನ್ನು ತೋರಿಸಿ. ಜಗತ್ತಿನ ಬೆಳೆಯಲ್ಲಿ ಶೇ 40ರವರೆಗೆ ಪ್ರತಿ ವರ್ಷ ಕೀಟ ರೋಗಗಳಿಗೆ ಹೋಗುತ್ತಿದೆ. ಸಸ್ಯರೋಗಗಳಿಂದಲೇ ಆಗುವ ನಷ್ಟ 22,000 ಕೋಟಿ ಡಾಲರ್ ಮೀರುತ್ತದೆ.

ನಾಳೆಯಿಂದ ನಾವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಹಿಂದೆಂದೂ ಕಾಣದ ಹುಳು, ಮಚ್ಚೆ, ಸೊರಗು ಕಂಡರೆ ಔಷಧಿ ಹೊಡೆಯುವ ಮುಂಚೆ ಬಿಸಿಲಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ, ಇಡೀ ಗಿಡದ್ದೂ ಒಂದು ಇರಲಿ. ಹುಳುವನ್ನು ಜೀವಂತವಾಗಿ ಒಯ್ಯಬೇಡಿ, ಸಣ್ಣ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಮುಳುಗಿಸಿ, ಊರು, ಬೆಳೆ, ದಿನಾಂಕ ಬರೆದ ಚೀಟಿ ಅಂಟಿಸಿ. ಬಾಳೆ ಸೊರಗಿದ್ದರೆ ಗಿಡವನ್ನೂ ಮಣ್ಣನ್ನೂ ತೋಟದಿಂದ ಹೊರಗೆ ಒಯ್ಯದೆ ಅಧಿಕಾರಿಗಳನ್ನೇ ಕರೆಸಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೀಸೆಯನ್ನು ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು, ಕೊಟ್ಟಿದ್ದಕ್ಕೆ ಬರಹದಲ್ಲಿ ಸ್ವೀಕೃತಿ ಕೇಳಿ. ವಾರ ಕಳೆದರೂ ಉತ್ತರ ಬಾರದಿದ್ದರೆ ಆ ಚೀಟಿಯನ್ನು ಮುಂದಿನ ಗ್ರಾಮಸಭೆಗೆ ತನ್ನಿ, ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.